ನೋವಿಗೆ ಮದ್ದು ಕಂಡ ವೈದ್ಯ ಫಿಲಿಪ್ ಹೆಂಚ್

ಮೊಣಕಾಲು ನೋವೆಂಬ ಮಾತು ಕೇಳಿಬರದ ಮನೆ ನಮ್ಮಲ್ಲಿ ಅಪರೂಪ. ಅಜ್ಜಿ ನೆಲದಿಂದ ಏಳುವಾಗ ಗೋಡೆಗೆ ಕೈಕೊಡುತ್ತಾರೆ. ತಾತ ಮೆಟ್ಟಿಲಿನ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಕಾಲೆತ್ತುತ್ತಾರೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವನ್ನೇ ಆಡುವ ದೇವಾಂಗ ನೇಕಾರ ಕುಟುಂಬಗಳು ತಲೆಮಾರುಗಳಿಂದ ಬಾಳುತ್ತಿವೆ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಮಗ್ಗ ತುಳಿಯುವವರಿಗೆ ಮೊಣಕಾಲು ಮತ್ತು ಸೊಂಟ ನೋಯುತ್ತವೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವವರಿಗೆ ಕತ್ತು, ಭುಜ, ಬೆನ್ನು ನೋಯುತ್ತವೆ. ಇಂಥ ನೋವು ಮಿತಿಮೀರಿದಾಗ ವೈದ್ಯರು ಕೆಲವೊಮ್ಮೆ ಕೀಲಿನೊಳಕ್ಕೇ ಒಂದು ಸೂಜಿಮದ್ದು ಕೊಡುವುದುಂಟು. ಅದು ಸ್ಟೀರಾಯ್ಡ್ ಎಂಬ ಜಾತಿಯ ಔಷಧ.

2020ನೆಯ ಇಸವಿಯಲ್ಲಿ ಕೊರೊನಾ ರೋಗ ನಮ್ಮ ನಾಡಿಗೆ ಕಾಲಿಟ್ಟಾಗ ಈ ಸೂಜಿಮದ್ದಿನ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬಂದವು. ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಕೊರೊನಾ ಬೇಗ ತಗಲುತ್ತದೆ ಎಂದರು ಕೆಲವರು. ಕೊರೊನಾದಿಂದ ಜೀವ ಉಳಿಸುವುದೇ ಸ್ಟೀರಾಯ್ಡ್ ಎಂದರು ಇನ್ನು ಕೆಲವರು. ಎರಡೂ ಒಂದೇ ಔಷಧದ ಮಾತು! ಇದರಲ್ಲಿ ಯಾವುದು ನಿಜ? ಇದಕ್ಕೆ ಉತ್ತರ ಬೇಕಾದರೆ, ಈ ಔಷಧವನ್ನು ಮೊಟ್ಟಮೊದಲು ಸಂಧಿವಾತದ ರೋಗಿಗೆ ಚುಚ್ಚಿ ನೋಡಿದ ಮಹನೀಯರ ಜೀವನವನ್ನು ನಾವು ತಿಳಿಯಬೇಕು. ಅವರೇ ಅಮೆರಿಕದ ವೈದ್ಯ ಫಿಲಿಪ್ ಹೆಂಚ್.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫಿಲಿಪ್ ಷೋವಾಲ್ಟರ್ ಹೆಂಚ್ ಅವರು 1896ನೆಯ ಇಸವಿ ಫೆಬ್ರವರಿ 28ರಂದು ಪೆನ್ಸಿಲ್ವೇನಿಯ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಊರು. ತಂದೆ ಜೇಕಬ್ ಬಿಕ್ಸ್‌ಲರ್ ಹೆಂಚ್, ತಾಯಿ ಕ್ಲಾರಾ ಷೋವಾಲ್ಟರ್. ಹುಟ್ಟಿನಿಂದಲೇ ಮಗುವಿನ ಅಂಗುಳು ಸೀಳಿತ್ತು. ಆ ಕಾರಣ ಅವರ ಮಾತು ಕೊನೆಯವರೆಗೂ ಎಲ್ಲರ ಮಾತಿನಂತೆ ಸ್ಪಷ್ಟವಾಗಲಿಲ್ಲ. ಇಂಥ ಕೊರತೆಯುಳ್ಳವರು ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹಿಂಜರಿಯುವುದು ಸಹಜ. ಹೆಂಚ್ ಹಿಂಜರಿಯಲಿಲ್ಲ. ಮುಂದೆ ಅವರು ದೊಡ್ಡ ವೈದ್ಯ ಸಭೆಗಳಲ್ಲಿ ನಿಂತು ಗಟ್ಟಿಯಾದ ದನಿಯಲ್ಲಿ ಉಪನ್ಯಾಸ ಮಾಡಿದರು. ತರಗತಿಯಲ್ಲಿ ಎದ್ದು ಉತ್ತರ ಹೇಳಲು ನಾಚುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

1916ರಲ್ಲಿ ಅವರು ಲಫಾಯೆಟ್ ಕಾಲೇಜಿನಲ್ಲಿ ಪದವಿ ಪಡೆದರು. ಆಗ ಯೂರೋಪಿನಲ್ಲಿ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. 1917ರಲ್ಲಿ ಸೈನ್ಯದ ವೈದ್ಯ ದಳಕ್ಕೆ ಸೇರಿದರೂ, ಓದು ಮುಗಿಸಲೆಂದು ಅವರನ್ನು ಮೀಸಲು ಪಡೆಗೆ ವರ್ಗಾಯಿಸಲಾಯಿತು. 1920ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದು, ಮರುವರ್ಷ ಮಿನೆಸೋಟ ರಾಜ್ಯದ ರೊಚೆಸ್ಟರ್ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿ ಮೇಯೊ ಮನೆತನದ ವೈದ್ಯರು ಕಟ್ಟಿ ಬೆಳೆಸಿದ ಮೇಯೊ ಕ್ಲಿನಿಕ್ ಎಂಬ ಪ್ರಸಿದ್ಧ ಆಸ್ಪತ್ರೆಯಿತ್ತು. ಹೆಂಚ್ ಅವರ ವೃತ್ತಿಜೀವನವೆಲ್ಲ ಅಲ್ಲಿಯೇ ಕಳೆಯಿತು. 1926ರಲ್ಲಿ, ಮೂವತ್ತನೆಯ ವಯಸ್ಸಿನಲ್ಲೇ, ಅವರು ಅಲ್ಲಿನ ವಾತರೋಗ ವಿಭಾಗದ ಮುಖ್ಯಸ್ಥರಾದರು. 1927ರಲ್ಲಿ ಮೇರಿ ಕಾಲರ್ ಎಂಬುವರನ್ನು ವಿವಾಹವಾದರು. ದಂಪತಿಗಳಿಗೆ ನಾಲ್ವರು ಮಕ್ಕಳಾದರು. ಮುಂದೆ ಜರ್ಮನಿಗೆ ಹೋಗಿ ಫ್ರೈಬುರ್ಗ್ ಮತ್ತು ಮ್ಯೂನಿಕ್ ನಗರಗಳಲ್ಲಿಯೂ ಕೆಲಕಾಲ ಅಭ್ಯಾಸ ಮಾಡಿ ಬಂದರು.

ಆ ಕಾಲದಲ್ಲಿ ವಾತರೋಗ ವಿಭಾಗವೆಂದರೆ ವೈದ್ಯರಿಗೆ ಕೀರ್ತಿ ತರುವ ಜಾಗವಲ್ಲ. ಸಂಧಿವಾತಕ್ಕೆ ಮದ್ದಿಲ್ಲವೆಂದು ಎಲ್ಲರೂ ನಂಬಿದ್ದರು. ಕೀಲುಗಳು ಊದಿ, ಬೆರಳುಗಳು ಸೊಟ್ಟಗಾಗಿ, ಕೊನೆಗೆ ರೋಗಿ ಹಾಸಿಗೆ ಹಿಡಿಯುತ್ತಿದ್ದ. ವೈದ್ಯರು ಕೊಡಬಹುದಾದದ್ದು ಆಸ್ಪಿರಿನ್ ಮಾತ್ರೆ, ಬಿಸಿನೀರಿನ ಶಾಖ, ಸಮಾಧಾನದ ಮಾತು, ಇಷ್ಟೇ. ಹೆಂಚ್ ಈ ರೋಗಿಗಳನ್ನು ಕೈಬಿಡಲಿಲ್ಲ. ಅವರ ಮಾತನ್ನು ಗಮನವಿಟ್ಟು ಕೇಳುವುದೇ ಅವರ ದೊಡ್ಡ ಗುಣವಾಗಿತ್ತು.

ಕಾಮಾಲೆ ಕೊಟ್ಟ ಸುಳಿವು

1929ರ ಏಪ್ರಿಲ್ ತಿಂಗಳಲ್ಲಿ ಅವರ ಬಳಿಗೆ 65 ವರ್ಷದ ಒಬ್ಬ ರೋಗಿ ಬಂದರು. ವರ್ಷಗಳಿಂದ ಸಂಧಿವಾತದಿಂದ ನರಳುತ್ತಿದ್ದ ಅವರಿಗೆ ಕಾಮಾಲೆ ಬಂದಿತ್ತು. ಮೈ ಹಳದಿಯಾದ ಮರುದಿನದಿಂದಲೇ ಕೀಲು ನೋವು ಬಹುಮಟ್ಟಿಗೆ ಮಾಯವಾಯಿತೆಂದು ಅವರು ತಿಳಿಸಿದರು. ಕಾಮಾಲೆ ಗುಣವಾದ ಮೇಲೂ ಎಷ್ಟೋ ಕಾಲ ನೋವು ಮರಳಲಿಲ್ಲ. ಬೇರೆಯವರಾಗಿದ್ದರೆ ಇದನ್ನು ಕಾಕತಾಳೀಯವೆಂದು ಬಿಟ್ಟುಬಿಡುತ್ತಿದ್ದರು. ಹೆಂಚ್ ಅದನ್ನು ಬರೆದಿಟ್ಟುಕೊಂಡರು. ಮುಂದೆ ಬಂದ ಪ್ರತಿ ಸಂಧಿವಾತ ರೋಗಿಯನ್ನೂ ಅದೇ ದೃಷ್ಟಿಯಿಂದ ವಿಚಾರಿಸತೊಡಗಿದರು. ಕಾಮಾಲೆ ಬಂದಾಗ ನೋವು ಇಳಿದವರು ಇನ್ನೂ ಹಲವರು ಸಿಕ್ಕರು.

ಕೆಲವು ವರ್ಷಗಳಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸಂಧಿವಾತವಿದ್ದ ಹೆಂಗಸರು ಗರ್ಭಿಣಿಯರಾದಾಗ ನೋವು ಇಳಿಯುತ್ತಿತ್ತು. ಹೆರಿಗೆಯಾದ ಕೆಲ ಕಾಲಕ್ಕೆ ಮತ್ತೆ ಬರುತ್ತಿತ್ತು. ಹೆಂಚ್ ಯೋಚಿಸಿದರು. ಕಾಮಾಲೆ ಗಂಡಸರಿಗೂ ಬರುತ್ತದೆ. ಆದ್ದರಿಂದ ನೋವು ಇಳಿಸಿದ ವಸ್ತು ಹೆಂಗಸರ ಶರೀರದಲ್ಲಿ ಮಾತ್ರ ಇರುವಂಥದಲ್ಲ. ಗರ್ಭಿಣಿಯರಿಗೆ ಕಾಮಾಲೆ ಇರುವುದಿಲ್ಲ. ಆದ್ದರಿಂದ ಅದು ಪಿತ್ತರಸವೂ ಅಲ್ಲ. ಹಾಗಾದರೆ ಎಲ್ಲ ಮನುಷ್ಯರ ಶರೀರದಲ್ಲೂ ಹುಟ್ಟುವ, ಕೆಲವು ಸಂದರ್ಭಗಳಲ್ಲಿ ಹೆಚ್ಚಾಗುವ ಯಾವುದೋ ಒಂದು ವಸ್ತು ಇರಬೇಕು. ಅದಕ್ಕೆ ಅವರು ಎಕ್ಸ್ ವಸ್ತು ಎಂದು ಹೆಸರಿಟ್ಟರು. ಗಣಿತದಲ್ಲಿ ನಾವು ತಿಳಿಯದ ಸಂಖ್ಯೆಗೆ ಅಕ್ಷರವಿಟ್ಟು ಲೆಕ್ಕ ಬಿಡಿಸುವುದಿಲ್ಲವೇ, ಹಾಗೆ. ಈ ಲೆಕ್ಕ ಬಿಡಿಸಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ನಡುವೆ ಪಿತ್ತದ ಲವಣ ಮೊದಲಾದ ಎಷ್ಟೋ ವಸ್ತುಗಳನ್ನು ಪರೀಕ್ಷಿಸಿ ನೋಡಿದರು. ಯಾವುದೂ ಫಲಿಸಲಿಲ್ಲ.

ರಸಾಯನಶಾಸ್ತ್ರಜ್ಞರ ಗೆಳೆತನ

ಅದೇ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. 1914ರ ಕ್ರಿಸ್ಮಸ್ ದಿನ ಥೈರಾಯ್ಡ್ ಗ್ರಂಥಿಯ ರಸವನ್ನು ಹರಳಾಗಿ ಬೇರ್ಪಡಿಸಿ ಹೆಸರಾದವರು ಅವರು. 1930ರ ದಶಕದಲ್ಲಿ ಅವರು ಅಡ್ರಿನಲ್ ಗ್ರಂಥಿಗಳ ಬೆನ್ನು ಹತ್ತಿದ್ದರು. ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಸಣ್ಣ ಗ್ರಂಥಿಗಳೇ ಅಡ್ರಿನಲ್ ಗ್ರಂಥಿಗಳು. ಅವುಗಳ ಹೊರಪದರದಿಂದ ಒಸರುವ ರಸವಿಲ್ಲದೆ ಮನುಷ್ಯ ಬದುಕಲಾರ. ಕೆಂಡಾಲ್ ಅವರು ದನಗಳ ಗ್ರಂಥಿಗಳನ್ನು ರಾಶಿರಾಶಿಯಾಗಿ ತರಿಸಿ ಅರೆದು, ಸೋಸಿ, ಹಲವು ವಸ್ತುಗಳನ್ನು ಬೇರ್ಪಡಿಸಿ, ಅವಕ್ಕೆ ಎ, ಬಿ ಎಂದು ಅಕ್ಷರಗಳ ಹೆಸರಿಟ್ಟಿದ್ದರು. ಸ್ವಿಟ್ಸರ್ಲೆಂಡಿನಲ್ಲಿ ಟಡೇಯಸ್ ರೈಕ್‌ಸ್ಟೈನ್ ಎಂಬ ವಿಜ್ಞಾನಿ ಸ್ವತಂತ್ರವಾಗಿ ಇದೇ ಕೆಲಸದಲ್ಲಿ ತೊಡಗಿದ್ದರು.

1941ರ ಜನವರಿಯಲ್ಲಿ ಹೆಂಚ್ ಮತ್ತು ಕೆಂಡಾಲ್ ಕೂಡಿ ಮಾತನಾಡಿ, ಇ ಎಂಬ ವಸ್ತುವನ್ನು ಸಂಧಿವಾತದ ರೋಗಿಗೆ ಕೊಟ್ಟು ನೋಡಬೇಕೆಂದು ನಿಶ್ಚಯಿಸಿದರು. ಆದರೆ ಕೊಡಲು ವಸ್ತುವೇ ಇರಲಿಲ್ಲ. ರಾಶಿ ಗ್ರಂಥಿಗಳಿಂದ ದೊರೆಯುತ್ತಿದ್ದುದು ಚಿಟಿಕೆಗಿಂತ ಕಡಿಮೆ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಅಮೆರಿಕವನ್ನೂ ಸೆಳೆದುಕೊಂಡಿತು. ಹೆಂಚ್ ಸೈನ್ಯದ ಆಸ್ಪತ್ರೆಯ ಸೇವೆಗೆ ಹೋದರು. ಜರ್ಮನಿಯ ವಿಮಾನ ಚಾಲಕರು ಅಡ್ರಿನಲ್ ರಸವನ್ನು ಚುಚ್ಚಿಸಿಕೊಂಡು ಬಹಳ ಎತ್ತರದಲ್ಲಿ ಹಾರುತ್ತಾರೆಂಬ ವದಂತಿ ಆಗ ಹಬ್ಬಿತ್ತು. ವದಂತಿ ಸುಳ್ಳಾಗಿದ್ದರೂ ಅದರಿಂದ ಅಮೆರಿಕದ ಸರಕಾರ ಈ ಸಂಶೋಧನೆಗೆ ಒತ್ತಾಸೆ ಕೊಟ್ಟಿತು. ಮರ್ಕ್ ಕಂಪನಿಯ ತರುಣ ವಿಜ್ಞಾನಿ ಲೂಯಿಸ್ ಸಾರೆಟ್ ಅವರು ದನದ ಪಿತ್ತದಿಂದ ತೊಡಗಿ ಮೂವತ್ತಕ್ಕೂ ಹೆಚ್ಚು ಹಂತಗಳನ್ನು ದಾಟಿ ಇ ವಸ್ತುವನ್ನು ತಯಾರಿಸುವ ದಾರಿ ಕಂಡುಹಿಡಿದರು.

ಎದ್ದು ನಡೆದ ರೋಗಿ

1948ರ ಜುಲೈ ತಿಂಗಳಲ್ಲಿ 29 ವರ್ಷದ ಒಬ್ಬ ಮಹಿಳೆ ಮೇಯೊ ಕ್ಲಿನಿಕ್ಕಿಗೆ ಬಂದು ಸೇರಿದರು. ಸಂಧಿವಾತದಿಂದ ಅವರ ಕೀಲುಗಳು ಬಿಗಿದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟವಾಗಿತ್ತು. ಆಗ ಗೊತ್ತಿದ್ದ ಚಿಕಿತ್ಸೆಗಳು ಫಲಿಸಲಿಲ್ಲ. ಗುಣವಾಗದೆ ಆಸ್ಪತ್ರೆ ಬಿಡುವುದಿಲ್ಲವೆಂದು ಆಕೆ ಹಟ ಹಿಡಿದರು. ಹೆಂಚ್ ಮರ್ಕ್ ಕಂಪನಿಗೆ ಬರೆದು ಸ್ವಲ್ಪ ಇ ವಸ್ತುವನ್ನು ತರಿಸಿಕೊಂಡರು. ಅವರೂ ಅವರ ಸಹೋದ್ಯೋಗಿಗಳಾದ ಚಾರ್ಲ್ಸ್ ಸ್ಲೋಕಂಬ್ ಮತ್ತು ಹೊವಾರ್ಡ್ ಪಾಲಿ ಅವರೂ ಸೇರಿ 1948ರ ಸೆಪ್ಟೆಂಬರ್ 21ರಂದು ಮೊದಲ ಸೂಜಿಮದ್ದು ಕೊಡಿಸಿದರು. ದಿನಕ್ಕೆ 100 ಮಿಲಿಗ್ರಾಂ ಪ್ರಮಾಣ.

ಮೊದಲ ದಿನ ವಿಶೇಷವೇನೂ ಕಾಣಲಿಲ್ಲ. ಎರಡು ಮೂರು ದಿನಗಳಲ್ಲಿ ಬಿಗಿತ ಸಡಿಲವಾಗತೊಡಗಿತು. ಆಕೆ ಎದ್ದು ನಡೆದರು. ವಾರ ಕಳೆಯುವಷ್ಟರಲ್ಲಿ ಪೇಟೆಗೆ ಹೋಗಿ ಮೂರು ಗಂಟೆಗಳ ಕಾಲ ಅಂಗಡಿಗಳನ್ನು ಸುತ್ತಿ ಬಂದರು! ಇಪ್ಪತ್ತು ವರ್ಷ ಹುಡುಕಿದ ಎಕ್ಸ್ ವಸ್ತು ಸಿಕ್ಕಿತ್ತು.

ನಾವಾಗಿದ್ದರೆ ಅಂದೇ ಪತ್ರಿಕೆಯವರನ್ನು ಕರೆಯುತ್ತಿದ್ದೆವೋ ಏನೋ. ಹೆಂಚ್ ಬಾಯಿ ಬಿಡಲಿಲ್ಲ. ಇನ್ನೂ ಹದಿಮೂರು ಮಂದಿಗೆ ಕೊಟ್ಟು ನೋಡಿ, ಚಿಕಿತ್ಸೆಗೆ ಮೊದಲು ಮತ್ತು ಅನಂತರ ಅವರು ನಡೆಯುವುದನ್ನು ಚಲನಚಿತ್ರ ತೆಗೆದು, ಏಳು ತಿಂಗಳ ಮೇಲೆ, 1949ರ ಏಪ್ರಿಲ್ 20ರಂದು ತಮ್ಮ ಆಸ್ಪತ್ರೆಯ ವೈದ್ಯರ ಸಭೆಯಲ್ಲಿ ವರದಿ ಮಂಡಿಸಿದರು. ಇ ವಸ್ತುವನ್ನು ಜನರು ಇ ಜೀವಸತ್ವವೆಂದು ತಪ್ಪು ತಿಳಿಯಬಾರದೆಂದು ಅದಕ್ಕೆ ಕಾರ್ಟಿಸೋನ್ ಎಂದು ಹೊಸ ಹೆಸರು ಕೊಟ್ಟರು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಮೂವರಿಗೂ ವೈದ್ಯಕೀಯದ ನೊಬೆಲ್ ಪಾರಿತೋಷಕ ದೊರೆಯಿತು. ಸಂಶೋಧನೆ ಪ್ರಕಟವಾದ ಮರುವರ್ಷವೇ ಈ ಗೌರವ ಸಿಕ್ಕುವುದು ಬಹಳ ಅಪರೂಪ.

ಹೊಗಳಿಕೆಯ ನಡುವೆ ಎಚ್ಚರ

ಹೆಂಚ್ ಅವರ ಹಿರಿಮೆ ಔಷಧ ಕಂಡುಹಿಡಿದುದರಲ್ಲಿ ಮಾತ್ರ ಇಲ್ಲ. ಅದರ ಮಿತಿಯನ್ನು ಮೊದಲು ಸಾರಿದವರೂ ಅವರೇ. ಚುಚ್ಚುವುದನ್ನು ನಿಲ್ಲಿಸಿದರೆ ನೋವು ಮರಳುತ್ತಿತ್ತು. ಹೆಚ್ಚು ಕಾಲ ಕೊಟ್ಟರೆ ರೋಗಿಯ ಮುಖ ಊದಿ ದುಂಡಗಾಗುತ್ತಿತ್ತು. ಕೆಲವರಿಗೆ ಮನಸ್ಸಿನ ಸ್ಥಿಮಿತ ತಪ್ಪುತ್ತಿತ್ತು. ಇದು ರೋಗವನ್ನು ಬೇರುಸಹಿತ ಕೀಳುವ ಮದ್ದಲ್ಲ, ಅದರ ಉರಿಯನ್ನು ತಣಿಸುವ ಮದ್ದು ಮಾತ್ರ ಎಂದು ಅವರು ಸ್ಪಷ್ಟವಾಗಿ ಬರೆದರು. ಜಗತ್ತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಆಗ ಒಂದು ಗ್ರಾಂ ಕಾರ್ಟಿಸೋನಿಗೆ 200 ಡಾಲರ್ ಬೆಲೆ. ತೂಕಕ್ಕೆ ತೂಕ ಇಟ್ಟರೆ ಚಿನ್ನಕ್ಕಿಂತ ಎಷ್ಟೋ ಪಾಲು ದುಬಾರಿ. ಆದರೂ ಎಲ್ಲ ಕಡೆಯಿಂದ ಬೇಡಿಕೆ ಬಂತು.

ಇಲ್ಲಿ ನಾವು ಒಂದು ವಿಷಯವನ್ನು ತಿಳಿದುಕೊಳ್ಳಬೇಕು. ನಮ್ಮ ಮೈಗೆ ರೋಗಾಣು ಹೊಕ್ಕಾಗ ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸುತ್ತವೆ. ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದನ್ನೇ ಉರಿಯೂತ ಎನ್ನುತ್ತಾರೆ. ಇದು ಶರೀರದ ಕಾವಲು ಕೆಲಸ. ಸಂಧಿವಾತದಲ್ಲಿ ಈ ಕಾವಲುಗಾರ ದಾರಿ ತಪ್ಪಿ ಮನೆಯವರ ಮೇಲೆಯೇ, ಅಂದರೆ ನಮ್ಮ ಕೀಲುಗಳ ಮೇಲೆಯೇ, ಕೈ ಮಾಡುತ್ತಾನೆ. ಸ್ಟೀರಾಯ್ಡ್ ಅವನ ಕೈ ಹಿಡಿದು ನಿಲ್ಲಿಸುತ್ತದೆ. ನೋವು ಇಳಿಯುವುದು ಹೀಗೆ. ಆದರೆ ಕಾವಲುಗಾರನ ಕೈ ಕಟ್ಟಿದ ಹೊತ್ತಿನಲ್ಲಿ ನಿಜವಾದ ಕಳ್ಳ ಬಂದರೆ? 1950ರ ದಶಕದಲ್ಲಿಯೇ ವೈದ್ಯರು ಇದನ್ನು ಕಂಡರು. ಅಡಗಿ ಕುಳಿತ ಕ್ಷಯರೋಗ ಕಾರ್ಟಿಸೋನ್ ತೆಗೆದುಕೊಂಡವರಲ್ಲಿ ತಲೆಯೆತ್ತಿತು. ಜ್ವರ, ಊತ ಮೊದಲಾದ ಗುರುತುಗಳನ್ನು ಔಷಧವೇ ಮರೆಮಾಡುವುದರಿಂದ ಸೋಂಕು ಬಲಿಯುವವರೆಗೆ ತಿಳಿಯುತ್ತಲೂ ಇರಲಿಲ್ಲ.

ನೋವಿರುವ ಕೀಲಿಗೆ ಮಾತ್ರ ಸ್ಟೀರಾಯ್ಡ್ ಚುಚ್ಚುವ ಕ್ರಮ 1951ರಲ್ಲಿ ಫಿಲಡೆಲ್ಫಿಯದ ವೈದ್ಯ ಜೋಸೆಫ್ ಹೊಲಾಂಡರ್ ಅವರಿಂದ ಪ್ರಸಿದ್ಧಿಗೆ ಬಂತು. ನಮ್ಮ ಹಿರಿಯರ ಮೊಣಕಾಲಿಗೆ ಬೀಳುವ ಸೂಜಿಮದ್ದು ಇದರ ಸಂತಾನವೇ. ಮರುವರ್ಷ, 1952ರಲ್ಲಿ, ಅಮೆರಿಕದ ಅಪ್‌ಜಾನ್ ಕಂಪನಿಯ ವಿಜ್ಞಾನಿಗಳು ರೈಜೋಪಸ್ ಎಂಬ ಬೂಷ್ಟಿನಿಂದ ಸ್ಟೀರಾಯ್ಡ್ ತಯಾರಿಕೆಯ ಅತ್ಯಂತ ಕಠಿಣವಾದ ಹಂತವನ್ನು ಮಾಡಿಸಿದರು. ಹಳಸಿದ ರೊಟ್ಟಿಯ ಮೇಲೆ ಬೆಳೆಯುತ್ತದಲ್ಲ, ಆ ಜಾತಿಯ ಬೂಷ್ಟು. ಅಲ್ಲಿಂದ ಬೆಲೆ ಇಳಿಯತೊಡಗಿ ಔಷಧ ಬಡವರ ಕೈಗೂ ಎಟುಕಿತು. ಈ ರೈಜೋಪಸ್ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಹಳದಿ ಜ್ವರದ ಇತಿಹಾಸಕಾರ

ಹೆಂಚ್ ಅವರಿಗೆ ಇನ್ನೊಂದು ಹವ್ಯಾಸವಿತ್ತು. 1900ರಲ್ಲಿ ಕ್ಯೂಬಾ ದ್ವೀಪದಲ್ಲಿ ವಾಲ್ಟರ್ ರೀಡ್ ಎಂಬ ಸೇನಾವೈದ್ಯರ ತಂಡವು ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆಂದು ಸಾಬೀತು ಮಾಡಿತ್ತು. ತಂಡದ ಜೆಸ್ಸಿ ಲಜಿಯರ್ ಎಂಬ ವೈದ್ಯರು ಅದೇ ಜ್ವರದಿಂದ ತೀರಿಕೊಂಡರು. ಸೈನಿಕರೂ ಇತರರೂ ತಾವಾಗಿ ಮುಂದೆ ಬಂದು ಸೊಳ್ಳೆಗೆ ಮೈಯೊಡ್ಡಿದ್ದರು. ಇವರೆಲ್ಲರ ಕಥೆ ಮರೆತುಹೋಗಬಾರದೆಂದು ಹೆಂಚ್ 1930ರ ದಶಕದ ಕೊನೆಯಿಂದ ವರ್ಷಾನುಗಟ್ಟಲೆ ಶ್ರಮಪಟ್ಟರು. ಬದುಕುಳಿದಿದ್ದವರನ್ನು ಹುಡುಕಿ ಪತ್ರ ಬರೆದರು. ಕಾಗದಪತ್ರ, ಭಾವಚಿತ್ರಗಳನ್ನು ಕೂಡಿಹಾಕಿದರು. ಕ್ಯೂಬಾಕ್ಕೆ ಹೋಗಿ ಪ್ರಯೋಗ ನಡೆದ ಲಜಿಯರ್ ಶಿಬಿರದ ಜಾಗವನ್ನು ಗುರುತಿಸಿ, ಅಲ್ಲಿ ಸ್ಮಾರಕವಾಗಲು ಕಾರಣರಾದರು. ಆ ಸಂಗ್ರಹ ಇಂದು ವರ್ಜೀನಿಯ ವಿಶ್ವವಿದ್ಯಾಲಯದಲ್ಲಿದೆ. ಷರ್ಲಾಕ್ ಹೋಮ್ಸನ ಪತ್ತೇದಾರಿ ಕಥೆಗಳೆಂದರೂ ಅವರಿಗೆ ಪಂಚಪ್ರಾಣ. ಸಣ್ಣ ಸುಳಿವನ್ನೂ ಬಿಡದ ಬುದ್ಧಿ ಓದಿನಲ್ಲಿಯೂ ಕೆಲಸದಲ್ಲಿಯೂ ಒಂದೇ ಆಗಿತ್ತು.

1957ರಲ್ಲಿ ಹೆಂಚ್ ಮೇಯೊ ಕ್ಲಿನಿಕ್ಕಿನಿಂದ ನಿವೃತ್ತರಾದರು. 1965ರ ಮಾರ್ಚ್ 30ರಂದು, ವಿಶ್ರಾಂತಿಗೆಂದು ಜಮೈಕಾ ದ್ವೀಪಕ್ಕೆ ಹೋಗಿದ್ದಾಗ, ನ್ಯೂಮೋನಿಯಾದಿಂದ ಕೊನೆಯುಸಿರೆಳೆದರು. ಆಗ ಅವರಿಗೆ 69 ವರ್ಷ. ಅವರನ್ನು ಕೊಂಡೊಯ್ದದ್ದು ಶ್ವಾಸಕೋಶದ ಕಾಯಿಲೆ. ಐವತ್ತೈದು ವರ್ಷಗಳ ಮೇಲೆ ಇನ್ನೊಂದು ಶ್ವಾಸಕೋಶದ ಕಾಯಿಲೆಯಲ್ಲಿ ಅವರ ಔಷಧದ ವಂಶದ್ದೇ ಒಂದು ಮದ್ದು ಜಗತ್ತಿಗೆ ಒದಗಿತು.

ಕೊಯಮತ್ತೂರು, ತಿರುಪ್ಪೂರಿಗೆ ಬಂದ ಪರೀಕ್ಷೆ

ಕೊಯಮತ್ತೂರಿಗೆ ಸಾಂಕ್ರಾಮಿಕ ರೋಗ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗ್ ಬಂದು ಊರನ್ನು ನಡುಗಿಸಿತ್ತು. ಆ ಕಾಲದ ನೆನಪಾಗಿ ಪ್ಲೇಗ್ ಮಾರಿಯಮ್ಮನ ಗುಡಿಗಳು ಇಂದಿಗೂ ಅಲ್ಲಿವೆ. 2020ರಲ್ಲಿ ಕೊರೊನಾ ಬಂದಾಗ ತಿರುಪ್ಪೂರಿನ ಯಂತ್ರಗಳು ನಿಂತವು; ದೂರದ ರಾಜ್ಯಗಳಿಂದ ಬಂದ ಕೆಲಸಗಾರರು ಊರಿಗೆ ಮರಳಲು ಪಾಡುಪಟ್ಟರು. ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿರುವ ಇ.ಎಸ್.ಐ. ಆಸ್ಪತ್ರೆ ಕೊರೊನಾ ರೋಗಿಗಳಿಗೇ ಮೀಸಲಾಯಿತು.

ಅದೇ ವರ್ಷ ಜೂನ್ 16ರಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಿಂದ ಒಂದು ಶುಭ ವಾರ್ತೆ ಬಂತು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡನ್ನು 2104 ರೋಗಿಗಳಿಗೆ ಕೊಟ್ಟು, ಕೊಡದ 4321 ರೋಗಿಗಳೊಂದಿಗೆ ಹೋಲಿಸಿ ನೋಡಿದ್ದರು. ಪ್ರಮಾಣ ದಿನಕ್ಕೆ 6 ಮಿಲಿಗ್ರಾಂ, ಅವಧಿ ಹೆಚ್ಚೆಂದರೆ ಹತ್ತು ದಿನ. ಉಸಿರಾಟದ ಯಂತ್ರದಲ್ಲಿದ್ದವರಲ್ಲಿ, ಔಷಧವಿಲ್ಲದೆ ನೂರಕ್ಕೆ 41 ಮಂದಿ ಸಾಯುತ್ತಿದ್ದ ಕಡೆ, ಔಷಧ ಪಡೆದವರಲ್ಲಿ ಸತ್ತವರು 29. ಆಮ್ಲಜನಕ ಪಡೆಯುತ್ತಿದ್ದವರಿಗೂ ಪ್ರಯೋಜನವಾಯಿತು. ಆದರೆ ಆಮ್ಲಜನಕವೇ ಬೇಡದಿದ್ದ ರೋಗಿಗಳಿಗೆ ಏನೂ ಪ್ರಯೋಜನ ಕಾಣಲಿಲ್ಲ. ಕಾರಣ ಸರಳ. ರೋಗದ ಮೊದಲ ದಿನಗಳಲ್ಲಿ ಶರೀರದ ಕಾವಲುಗಾರ ವೈರಸ್ಸಿನೊಡನೆ ಹೋರಾಡುತ್ತಿರುತ್ತಾನೆ. ಆಗ ಅವನ ಕೈ ಕಟ್ಟಬಾರದು. ಕೆಲವರಲ್ಲಿ ಒಂದು ವಾರದ ಮೇಲೆ ಅವನೇ ಹುಚ್ಚೆದ್ದು ಶ್ವಾಸಕೋಶವನ್ನು ಸುಡತೊಡಗುತ್ತಾನೆ, ಆಗ ಕಟ್ಟಲೇಬೇಕು. ನಾವು ಮೊದಲು ಹೇಳಿದ ಎರಡು ಮಾತುಗಳಲ್ಲಿಯೂ ಸತ್ಯವಿತ್ತು. ಎರಡರ ನಡುವಿನ ಅಂತರ ಹೊತ್ತು ಮತ್ತು ಪ್ರಮಾಣದ್ದು ಮಾತ್ರ.

2021ರ ಎರಡನೆಯ ಅಲೆಯಲ್ಲಿ ಈ ಅಂತರವನ್ನು ಅನೇಕರು ಮರೆತರು. ಮೇ ತಿಂಗಳ ಕೊನೆಯಲ್ಲಿ ದಿನದಿನದ ಹೊಸ ರೋಗಿಗಳ ಸಂಖ್ಯೆಯಲ್ಲಿ ಕೊಯಮತ್ತೂರು ಜಿಲ್ಲೆ ಚೆನ್ನೈಯನ್ನೂ ಮೀರಿಸಿತು. ಹಾಸಿಗೆ ಸಿಗದ ಭಯದಲ್ಲಿ ದೇಶದ ಎಷ್ಟೋ ಕಡೆ ಜನರು ಜ್ವರ ಬಂದ ಮೊದಲ ದಿನವೇ ಸ್ಟೀರಾಯ್ಡ್ ಮಾತ್ರೆ ನುಂಗಿದರು. ಯಾರಿಗೋ ಬರೆದುಕೊಟ್ಟ ಚೀಟಿಯನ್ನು ಇನ್ನಾರೋ ಬಳಸಿದರು. ಸ್ಟೀರಾಯ್ಡಿನಿಂದ ರಕ್ತದಲ್ಲಿ ಸಕ್ಕರೆ ಏರುತ್ತದೆ, ಕಾವಲು ಕುಗ್ಗುತ್ತದೆ. ಸಕ್ಕರೆ ಕಾಯಿಲೆಯಿದ್ದವರಿಗೆ ಇದು ಎರಡು ಪಟ್ಟು ಅಪಾಯ. ಆಗ ಬಂದದ್ದೇ ಕಪ್ಪು ಶಿಲೀಂಧ್ರ ರೋಗ. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹಬ್ಬುವ ಈ ರೋಗವನ್ನು ತಮಿಳುನಾಡು ಸರಕಾರ 2021ರ ಮೇ 20ರಂದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಅನೇಕರು ಕಣ್ಣು ಕಳೆದುಕೊಂಡರು, ಅನೇಕರು ಪ್ರಾಣ ಬಿಟ್ಟರು. ಈ ರೋಗವನ್ನು ತರುವ ಬೂಷ್ಟುಗಳಲ್ಲಿ ಮುಖ್ಯವಾದದ್ದು ಯಾವುದು ಗೊತ್ತೇ? ಅದೇ ರೈಜೋಪಸ್! 1952ರಲ್ಲಿ ಸ್ಟೀರಾಯ್ಡನ್ನು ಅಗ್ಗವಾಗಿಸಿದ ಕೈಯೇ 2021ರಲ್ಲಿ ಸ್ಟೀರಾಯ್ಡನ್ನು ಅಳತೆಗೆಟ್ಟು ಬಳಸಿದವರ ಮೇಲೆ ಬಿದ್ದಿತು.

ಕೀಲಿಗೆ ಚುಚ್ಚಿಸಿಕೊಂಡವರ ಪ್ರಶ್ನೆ

ಇನ್ನು ಮೊಣಕಾಲಿನ ಸೂಜಿಮದ್ದಿನ ವಿಚಾರ. ಕೀಲಿಗೆ ಚುಚ್ಚಿದ ಔಷಧದ ಬಹುಭಾಗ ಅಲ್ಲಿಯೇ ಉಳಿದರೂ ಸ್ವಲ್ಪ ಭಾಗ ರಕ್ತಕ್ಕೆ ಸೇರುತ್ತದೆ. ಕೆಲವು ದಿನ, ಕೆಲವೊಮ್ಮೆ ಕೆಲವು ವಾರ, ನಮ್ಮ ಅಡ್ರಿನಲ್ ಗ್ರಂಥಿಯ ಕೆಲಸ ಮಂದವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಹೆಂಚ್ ದುಡಿದ ಮೇಯೊ ಕ್ಲಿನಿಕ್ಕಿನವರೇ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಫ್ಲೂ ಲಸಿಕೆ ಹಾಕಿಸಿಕೊಂಡವರಲ್ಲಿ, ಕೀಲಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡವರಿಗೆ ಫ್ಲೂ ಜ್ವರ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಾಗಿ ಬಂದಿತ್ತು. ಇದನ್ನು ಬಲ್ಲ ವೈದ್ಯರು 2020ರಲ್ಲಿ ಬ್ರಿಟನ್ ಮೊದಲಾದ ದೇಶಗಳಲ್ಲಿ, ತೀರ ಅಗತ್ಯವಿಲ್ಲದ ಸೂಜಿಮದ್ದನ್ನು ಮುಂದಕ್ಕೆ ಹಾಕುವಂತೆ ಸಲಹೆ ಕೊಟ್ಟರು. ವಾತರೋಗವಿದ್ದು ಕೊರೊನಾ ತಗಲಿದ 600 ಮಂದಿಯನ್ನು ಅದೇ ವರ್ಷ 40 ದೇಶಗಳಿಂದ ಲೆಕ್ಕ ಹಿಡಿದಾಗ, ದಿನವೂ 10 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನಿನಂಥ ಸ್ಟೀರಾಯ್ಡ್ ಸೇವಿಸುತ್ತಿದ್ದವರು ಆಸ್ಪತ್ರೆ ಸೇರುವ ಸಂಭವ ಹೆಚ್ಚೆಂದು ಕಂಡಿತು.

ಹಾಗೆಂದು ಭಯಪಟ್ಟು ಸೂಜಿಮದ್ದನ್ನೇ ತಿರಸ್ಕರಿಸಬೇಕಾಗಿಲ್ಲ. ಎಂದೋ ಒಮ್ಮೆ ಮೊಣಕಾಲಿಗೆ ಚುಚ್ಚಿಸಿಕೊಂಡವರಿಗೆಲ್ಲ ಕೊರೊನಾ ತಗಲುತ್ತದೆಂದು ಇದರ ಅರ್ಥವಲ್ಲ. ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ತಾವೇ ಥಟ್ಟನೆ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಹೊರಗಿನಿಂದ ರಸ ಬರುತ್ತಿದ್ದುದರಿಂದ ಮೈಯೊಳಗಿನ ಗ್ರಂಥಿ ಮಲಗಿರುತ್ತದೆ. ಅದು ಏಳಲು ಕಾಲ ಬೇಕು. ಆದ್ದರಿಂದ ವೈದ್ಯರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ನಮ್ಮ ಹಿರಿಯರು ಮಾಡಬೇಕಾದದ್ದು ಇಷ್ಟೆ: ಏನು ಚುಚ್ಚುತ್ತಿದ್ದಾರೆಂದು ಕೇಳಿ ತಿಳಿಯುವುದು, ಚೀಟಿಯನ್ನು ಜೋಪಾನವಾಗಿಡುವುದು, ಸಕ್ಕರೆ ಕಾಯಿಲೆ ಇದ್ದರೆ, ಜ್ವರ ಕೆಮ್ಮು ಇದ್ದರೆ ಮೊದಲೇ ಹೇಳುವುದು, ಹೆಸರಿಲ್ಲದ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗದಿರುವುದು. ಚೀಟಿ ಓದಲು ಬಾರದ ಅಜ್ಜ ಅಜ್ಜಿಯರಿಗೆ ಓದಿ ಹೇಳುವ ಕೆಲಸ ನಮ್ಮ ವಿದ್ಯಾರ್ಥಿಗಳದು.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೊರೊನಾದ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ಸಾರಿತು. ಮಗ್ಗಗಳೂ ಹೊಲಿಗೆ ಯಂತ್ರಗಳೂ ಮತ್ತೆ ಸದ್ದು ಮಾಡುತ್ತಿವೆ. ಮೊಣಕಾಲು ನೋವೂ ಇದೆ, ಸೂಜಿಮದ್ದೂ ಇದೆ. ರೋಗಿಯ ಮಾತನ್ನು ಕೇಳುವ ತಾಳ್ಮೆ, ಗೆದ್ದಾಗ ಬಾಯಿ ಬಿಗಿಹಿಡಿಯುವ ಸಂಯಮ, ತಾನು ಕಂಡ ಮದ್ದಿನ ದೋಷವನ್ನು ತಾನೇ ಹೇಳುವ ಸತ್ಯನಿಷ್ಠೆ, ಇವು ಫಿಲಿಪ್ ಹೆಂಚ್ ಅವರಿಂದ ನಾವು ಕಲಿಯಬೇಕಾದ ಗುಣಗಳು. ಅಮೃತವೂ ಅಳತೆ ಮೀರಿದರೆ ವಿಷ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಆ ಮಹಾವೈದ್ಯರು ತಮ್ಮ ಬಾಳಿನಲ್ಲಿ ಆಚರಿಸಿ ತೋರಿಸಿದರು. ನಮ್ಮ ಮನೆಯ ಔಷಧದ ಡಬ್ಬಿಯನ್ನು ತೆರೆಯುವಾಗಲೆಲ್ಲ ಅದನ್ನು ನೆನೆಯೋಣ.